ಬೇಲಿಯ ತೊಂಡೆ, ಹಿತ್ತಲ ಹಾಗಲ: ಊಟಕ್ಕೆ ಎಷ್ಟು, ಮದ್ದಿಗೆ ಎಷ್ಟು?



ಶ್ರೀರಂಗಪಟ್ಟಣ, ಪಾಂಡವಪುರದ ಕಾಲುವೆ ಬಯಲಿರಲಿ, ಕೆ.ಆರ್. ಪೇಟೆ, ನಾಗಮಂಗಲದ ಮಳೆ ನಂಬಿದ ಹೊಲವಿರಲಿ, ಬೇಲಿ ಇದ್ದ ಕಡೆ ತೊಂಡೆ ಬಳ್ಳಿ ಹಬ್ಬಿರುವುದನ್ನು ನಾವು ನೋಡುತ್ತೇವೆ. ಹಿತ್ತಲಲ್ಲಿ ಹಾಗಲ, ಹೀರೆ, ಪಡವಲ. ಚಪ್ಪರದ ಮೇಲೆ ಸೋರೆ. ಮಳೆಗಾಲದ ಸಂತೆಯಲ್ಲಿ ಮಾಡಹಾಗಲ. ಇವೆಲ್ಲ ಒಂದೇ ಕುಟುಂಬದ ಬಳ್ಳಿಗಳು. ಸಭೆಗೆ ಹೋದಾಗ ನಮಗೆ ಬರುವ ಪ್ರಶ್ನೆಯೂ ಒಂದೇ: “ಇದರ ರಸದಿಂದ ರೋಗಾಣು ಸಾಯ್ತವಂತೆ, ಸಕ್ಕರೆ ಕಾಯಿಲೆ ವಾಸಿಯಾಗ್ತದಂತೆ, ನಿಜವಾ ಸಿಸ್ಟರ್?”

ಮೊದಲು ರೋಗಾಣುವಿನ ಮಾತು. ಪ್ರಯೋಗಾಲಯದಲ್ಲಿ ತೊಂಡೆ ಅಥವಾ ಹಾಗಲದ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮದ್ಯಸಾರದಂಥ ದ್ರವದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಒಂದು ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಆ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಅದರ ಮೇಲೆ ಇಡುತ್ತಾರೆ. ಸಾರಕ್ಕೆ ಶಕ್ತಿ ಇದ್ದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಬಳೆಯಂಥ ಖಾಲಿ ಜಾಗ ಉಳಿಯುತ್ತದೆ. ಈ ಬಳ್ಳಿಗಳ ಸಾರಕ್ಕೆ ಅಂಥ ಬಳೆ ಕಂಡಿದ್ದು ನಿಜ. ಆದರೆ ಅದು ತಟ್ಟೆಯ ಮೇಲಿನ ಮಾತು. ನಾವು ತಿನ್ನುವ ಪಲ್ಯ ಆ ಗಟ್ಟಿ ಸಾರವಲ್ಲ. ಹೊಟ್ಟೆಯಲ್ಲಿ ಜೀರ್ಣವಾಗಿ, ರಕ್ತ ಸೇರಿ, ಗಾಯದ ಜಾಗಕ್ಕೆ ಎಷ್ಟು ತಲುಪುತ್ತದೆ ಎಂದು ಆ ತಟ್ಟೆ ಹೇಳುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣಿಗೆ ಎಲೆ ಅರೆದು ಕಟ್ಟಿ ವಾರಗಟ್ಟಲೆ ಕಾಯುವುದುಂಟು. ಕಾಲು ಮರಗಟ್ಟಿರುವುದರಿಂದ ನೋವು ಗೊತ್ತಾಗುವುದಿಲ್ಲ, ಒಳಗೆ ಕೀವು ಏರುತ್ತದೆ. ಬೆರಳು, ಪಾದ ಕಳೆದುಕೊಳ್ಳುವುದು ಹೀಗೇ. ಅಂಥ ಹುಣ್ಣಿಗೂ, ಉರಿಮೂತ್ರ ಜ್ವರಕ್ಕೂ ತಡ ಮಾಡದೆ ಆಸ್ಪತ್ರೆಗೇ ಹೋಗಬೇಕು.

ಇನ್ನು ಆಂಟಿಆಕ್ಸಿಡೆಂಟ್. ಕೊಯ್ದ ಬದನೆಕಾಯಿ ಗಾಳಿ ತಾಗಿ ಕಪ್ಪಾಗುತ್ತದಲ್ಲ, ಅದೇ ಬಗೆಯ ಸವೆತ ನಮ್ಮ ಮೈಯ ಜೀವಕೋಶಗಳಲ್ಲೂ ನಡೆಯುತ್ತಿರುತ್ತದೆ. ಅದನ್ನು ತಡೆಯಲು ನೆರವಾಗುವ ವಸ್ತುಗಳಿವು. ಹಾಗಲಕಾಯಲ್ಲಿ ಸಿ ಜೀವಸತ್ವ ಚೆನ್ನಾಗಿದೆ. ಹಣ್ಣಾದ ಹಾಗಲದ ಬೀಜದ ಸುತ್ತ ಇರುವ ಕೆಂಪು ತಿರುಳಲ್ಲಿ ಟೊಮೆಟೊದಲ್ಲಿರುವ ಲೈಕೋಪೀನ್ ಇದೆ. ತೊಂಡೆಯ ಎಳೆ ಸೊಪ್ಪಲ್ಲಿ ಕಣ್ಣಿಗೆ ಬೇಕಾದ ಕ್ಯಾರೋಟಿನ್ ಇದೆ. ಬೆರಕೆ ಸೊಪ್ಪಿನ ಜೊತೆ ಹಾಕಬಹುದು, ಒಗ್ಗರಣೆಯ ಎಣ್ಣೆ ಇದ್ದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಕಹಿ ಹೋಗಲೆಂದು ಹಾಗಲಕ್ಕೆ ಉಪ್ಪು ಸವರಿ ಹಿಂಡಿ ಚೆಲ್ಲುವಾಗ ಸಿ ಜೀವಸತ್ವವೂ ಒಂದಷ್ಟು ಮೋರಿಗೆ ಹೋಗುತ್ತದೆ. ನಮ್ಮ ಬಸ್ಸಾರು ಈ ವಿಷಯದಲ್ಲಿ ಜಾಣ ಅಡುಗೆ: ಬೇಯಿಸಿದ ನೀರು ಚೆಲ್ಲುವುದೇ ಇಲ್ಲ.

ಸಕ್ಕರೆ ಕಾಯಿಲೆಗೆ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 60 ಜನರ ಮೇಲೆ ತೊಂಡೆಯ ಸಾರವನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. 90 ದಿನ, ದಿನಕ್ಕೆ ಒಂದು ಗ್ರಾಂ ಸಾರ. ಅದನ್ನು ತೆಗೆದುಕೊಂಡವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸುಮಾರು ಶೇ. 16 ಇಳಿಯಿತು. ಒಳ್ಳೆಯ ಸುದ್ದಿಯೇ. ಆದರೆ ಗಮನಿಸಿ: ಅವರೆಲ್ಲ ಕಾಯಿಲೆ ಹೊಸದಾಗಿ ಗೊತ್ತಾದವರು, ಇನ್ನೂ ಮಾತ್ರೆ ಬೇಕಾಗದೆ ಪಥ್ಯದಲ್ಲಿದ್ದವರು, ಕೊಟ್ಟಿದ್ದು ಅಳೆದು ತಯಾರಿಸಿದ ಸಾರ, ಪಲ್ಯ ಅಲ್ಲ. ಹಾಗಲದ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2012ರ ಒಂದು ವಿಮರ್ಶೆ, ಮದ್ದೆಂದು ಹೇಳಲು ಪುರಾವೆ ಸಾಲದು ಎಂದಿತು. ಆದ್ದರಿಂದ ಮಾತ್ರೆ ನಿಲ್ಲಿಸಬೇಡಿ. ಮಾತ್ರೆಯ ಜೊತೆ ಲೋಟಗಟ್ಟಲೆ ಹಾಗಲ ರಸ ಕುಡಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರಬಹುದು. ಬಸುರಿಯರಿಗೆ ಆ ರಸ ಬೇಡವೇ ಬೇಡ. ಗೊಜ್ಜು, ಪಲ್ಯ ಯಾರು ಬೇಕಾದರೂ ತಿನ್ನಲಿ.

ಎಲ್ಲಕ್ಕಿಂತ ಮುಖ್ಯ ಸೋರೆಕಾಯಿ. ಹಾಗಲ ಕಹಿ ಇದ್ದರೆ ಅದರ ಗುಣ. ಸೋರೆ ಕಹಿ ಇದ್ದರೆ ವಿಷ. ಕುಕುರ್ಬಿಟಾಸಿನ್ ಎಂಬ ಈ ವಿಷ ಬೇಯಿಸಿದರೂ ಹೋಗುವುದಿಲ್ಲ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿಯೇ ಕಹಿ ಸೋರೆ ರಸ ಕುಡಿದು ತೀರಿಹೋದರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿ ಹೇಳಿದ್ದು: ಮೊದಲು ಒಂದು ಚೂರು ನಾಲಗೆಗೆ ಇಟ್ಟು ನೋಡಿ, ಕಹಿಯಾದರೆ ಇಡೀ ಕಾಯಿ ಎಸೆಯಿರಿ, ಸೋರೆ ರಸಕ್ಕೆ ಬೇರೆ ರಸ ಬೆರೆಸಬೇಡಿ. ಹಾಗಲ ರಸ ಬೆರೆಸಿದರೆ ಯಾವ ಕಹಿ ಯಾವುದರದು ಎಂದು ಹೇಗೆ ಗೊತ್ತಾಗಬೇಕು? ಕುಡಿದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇದಕ್ಕೆ ಪ್ರತಿಮದ್ದು ಇಲ್ಲ. ಹೀರೆ, ಸೌತೆಗೂ ಇದೇ ನಿಯಮ.

ಬೇಲಿಯಿಂದ ಕೊಯ್ಯುವಾಗ ಅಕ್ಕಪಕ್ಕದ ಗದ್ದೆಗೆ, ಕಬ್ಬಿಗೆ ಕಳೆನಾಶಕ ಹೊಡೆದಿದ್ದಾರಾ ಎಂದು ಕೇಳಿಕೊಳ್ಳಿ. ಅದಕ್ಕಿಂತ ಹಿತ್ತಲಲ್ಲೇ ಬೆಳೆಸುವುದು ವಾಸಿ. ಚೆನ್ನಾಗಿ ಕಾಯಿ ಬಿಡುವ ತೊಂಡೆ ಬಳ್ಳಿಯಿಂದ ಗೇಣುದ್ದದ ಕಡ್ಡಿ ಕತ್ತರಿಸಿ ಮುಂಗಾರಿನಲ್ಲಿ ನೆಟ್ಟರೆ ಸಾಕು, ಬೀಜ ಬೇಡ. ಮಾಡಹಾಗಲಕ್ಕೆ ಗೆಡ್ಡೆ ಬೇಕು, ಹತ್ತು ಹೆಣ್ಣು ಬಳ್ಳಿಗೆ ಒಂದು ಗಂಡು ಬಳ್ಳಿಯೂ ಬೇಕು. ಮುಂದಿನ ಸಭೆಗೆ ಯಾರ ಮನೆಯಲ್ಲಿ ಯಾವ ಬಳ್ಳಿ ಇದೆ ಎಂದು ಬರೆದು ತನ್ನಿ. ಕಡ್ಡಿ, ಗೆಡ್ಡೆ ಹಂಚಿಕೊಳ್ಳೋಣ. ಸಕ್ಕರೆ ಮಾತ್ರೆ ಬಿಟ್ಟಿರುವವರು ಇದ್ದರೆ ಅವರ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಯಾರು ಹೋಗುವುದು ಎಂಬುದನ್ನೂ ಅಂದೇ ತೀರ್ಮಾನಿಸೋಣ.