ಎಂಟು ಸಾವಿರ ಅಂದರೆ ಎಷ್ಟು?

ನೋಡಮ್ಮ, ಲೇಖನ ಹನ್ನೊಂದು ಸಾವಿರ ಪದ ಆಗಿದೆ, 'ಸ್ವಲ್ಪ ಹೆಚ್ಚಾದರೆ ಯಾರೂ ಏನೂ ಅನ್ನಲ್ಲ ಬಿಡಿ ಸಾರ್' ಅಂದೆಯಲ್ಲ. ನಿಜ, ಏನೂ ಅನ್ನುವುದಿಲ್ಲ. ಜರ್ನಲ್‌ನವರು ಸುಮ್ಮನೆ ವಾಪಸ್ ಕಳಿಸುತ್ತಾರೆ. ನನ್ನದೊಂದು ಹಾಗೆಯೇ ವಿಮರ್ಶಕರ ಕೈಗೂ ಹೋಗದೆ ಮೂರನೇ ದಿನಕ್ಕೆ ಮನೆಗೆ ಬಂದಿತ್ತು.

ಕತ್ತರಿ ಹಿಡಿಯುವ ಮೊದಲು, ಅವರು ಏನೇನು ಎಣಿಸುತ್ತಾರೆ ಅಂತ ತಿಳಿದುಕೊ. ನೀನು ಕಳಿಸಬೇಕೆಂದಿರುವ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ' ಸಂಶೋಧನಾ ಲೇಖನಕ್ಕೆ 8,000 ಪದ ಅನ್ನುತ್ತದೆ. ಟಿಪ್ಪಣಿ, ಕೋಷ್ಟಕ, ಆಕರಸೂಚಿ ಎಲ್ಲ ಅದರೊಳಗೇ. ಆಕರಸೂಚಿಯೇ 1,500 ನುಂಗಿದರೆ ನಿನ್ನ ಮಾತಿಗೆ ಉಳಿಯುವುದು ಆರೂವರೆ ಸಾವಿರ. ಕಂಪ್ಯೂಟರಿನಲ್ಲಿ ಎಣಿಸುವಾಗ ಅಡಿಟಿಪ್ಪಣಿ ಸೇರಿಸುವ ಚೌಕಕ್ಕೆ ಗುರುತು ಹಾಕಿದ್ದೀಯಾ? ಬಹಳ ಜನ ಎಡವುವುದು ಅಲ್ಲೇ. ಭೌತಶಾಸ್ತ್ರದವರ ಲೆಕ್ಕ ಇನ್ನೂ ಮಜಾ. 'ಫಿಸಿಕಲ್ ರಿವ್ಯೂ ಲೆಟರ್ಸ್' ಮಿತಿ 3,750 ಪದ. ಸಾರಾಂಶ, ಆಕರ ಲೆಕ್ಕಕ್ಕಿಲ್ಲ, ಆದರೆ ಚಿತ್ರಗಳನ್ನೂ ಪದದಲ್ಲಿ ಅಳೆಯುತ್ತಾರೆ, ಒಂದು ಸಾಲು ಸಮೀಕರಣಕ್ಕೆ 16 ಪದ! 'ಪ್ಲಾಸ್ ಒನ್'ಗೆ ಉದ್ದದ ಮಿತಿಯೇ ಇಲ್ಲ, ಸಾರಾಂಶ ಮಾತ್ರ 300 ದಾಟಬಾರದು.

ಕನ್ನಡದಲ್ಲಿ ಕರಡು ಬರೆಯುವ ನಮ್ಮಂಥವರಿಗೆ ಇನ್ನೊಂದು ತೊಡಕಿದೆ. 'ಹೋಗಬೇಕಾಗಿತ್ತಂತೆ' ಅಂತ ಹಳ್ಳಿಯ ಹೆಂಗಸು ನಿನಗೆ ಹೇಳಿದ ಒಂದೇ ಪದ ಇಂಗ್ಲಿಷಿಗೆ ಹೋದರೆ ಐದಾರು ಆಗುತ್ತದೆ. ಹಾಗಾಗಿ ಕನ್ನಡ ಕರಡಿನ ಎಣಿಕೆ ನಂಬಿ ಕೂರಬೇಡ. ಸಂದರ್ಶನದ ಮಾತುಗಳಲ್ಲಿ ಅತ್ಯಂತ ಗಟ್ಟಿಯಾದ ಮೂರೋ ನಾಲ್ಕೋ ಇಟ್ಟುಕೊ, ಸಾಕು.

ಇನ್ನು ಎಲ್ಲಿ ಕತ್ತರಿಸುವುದು? ನಿನ್ನ ಮೊದಲ ನಾಲ್ಕು ಪುಟ ಪೂರ್ತಿ ಅವರು ಹೀಗೆಂದರು, ಇವರು ಹಾಗೆಂದರು. ಅದು ಪಿಎಚ್‌ಡಿ ಪರೀಕ್ಷಕರಿಗೆ ಬರೆದದ್ದು, ಓದಿದ್ದೀಯ ಅಂತ ತೋರಿಸಲು. ಜರ್ನಲ್ ಓದುವವರಿಗೆ ಅದೆಲ್ಲ ಗೊತ್ತು. ನೀನೇ ಬಿಸಿಲಲ್ಲಿ ಅಲೆದು ಕಂಡುಕೊಂಡದ್ದು ಹದಿಮೂರನೇ ಪುಟದಲ್ಲಿ ಮುಖ ಮುಚ್ಚಿಕೊಂಡು ಕೂತಿದೆ. ಕೋಷ್ಟಕದಲ್ಲಿ ಇರುವ ಅಂಕಿಗಳನ್ನು ಮತ್ತೆ ವಾಕ್ಯದಲ್ಲಿ ಓದಿ ಹೇಳುವ ಪ್ಯಾರಾಗಳೂ ಹೋಗಲಿ. ಆದರೆ ಎಷ್ಟು ಮನೆ, ಯಾರನ್ನು, ಹೇಗೆ ಕೇಳಿದೆ ಎಂಬ ಭಾಗಕ್ಕೆ ಮಾತ್ರ ಕೈ ಹಾಕಬೇಡ. ಅದಿಲ್ಲದಿದ್ದರೆ ಉಳಿದದ್ದನ್ನು ಯಾರು ನಂಬುತ್ತಾರೆ?

ಸೋಮವಾರ ಬಾ. ಆ ನಾಲ್ಕು ಪುಟ ಒಂದಾಗಿರಲಿ. ಜರ್ನಲ್‌ನವರ ಸೂಚನೆಯ ಹಾಳೆಯನ್ನೂ ಪ್ರಿಂಟ್ ತೆಗೆದುಕೊಂಡು ಬಾ, ಕಾಫಿ ಕುಡಿಯುತ್ತಾ ಇಬ್ಬರೂ ಓದೋಣ.