ಆರಿದ್ರಾ ನಕ್ಷತ್ರ ಸತ್ತರೆ ಮಳೆ ನಿಲ್ಲುತ್ತದೆಯೇ?



"ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ" ಅಂತ ನಮ್ಮಜ್ಜಿ ಯಾವಾಗಲೂ ಹೇಳುತ್ತಾಳೆ. ಆರಿದ್ರಾ ನಕ್ಷತ್ರಕ್ಕೆ ಮುಪ್ಪು ಬಂದಿದೆ, ಒಂದು ದಿನ ಅದು ಸಿಡಿದುಹೋಗುತ್ತದೆ ಎಂದು ಓದಿ ಅಜ್ಜಿಗೆ ಹೇಳಿದೆ. "ಹಂಗಾದ್ರೆ ಮಳೆ ಗತಿ ಏನ್ಲಾ ಮಗಾ?" ಅಂದಳು. ಅದಕ್ಕೆ ಉತ್ತರ ಹುಡುಕಿ ಇದನ್ನು ಬರೆದಿದ್ದೇನೆ.

ನಕ್ಷತ್ರಗಳಿಗೂ ಹುಟ್ಟು, ಮುಪ್ಪು, ಸಾವು ಉಂಟು. ಜನವರಿಯಲ್ಲಿ ರಾತ್ರಿ 7-8 ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿರಿ. ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಅವುಗಳ ಎಡಗಡೆ ಕೆಂಪಗೆ ಹೊಳೆಯುವುದೇ ಆರಿದ್ರಾ. ಬಲಗಡೆ ಮಂಜಿನಂತೆ ಮಸುಕಾಗಿ ಕಾಣುವುದು ನೀಹಾರಿಕೆ, ಅಂದರೆ ಅನಿಲ ಮತ್ತು ಧೂಳಿನ ಮೋಡ. ಈ ಮೋಡ ತನ್ನದೇ ಗುರುತ್ವದಿಂದ ಅಲ್ಲಲ್ಲಿ ಕುಗ್ಗಿ ಬಿಸಿಯಾಗುತ್ತದೆ. ಅಲ್ಲಿ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ.

ನಕ್ಷತ್ರ ಉರಿಯುವುದು ಹೇಗೆ? ಅದರ ಒಡಲಲ್ಲಿ ಜಲಜನಕದ ಪರಮಾಣು ಬೀಜಗಳು ಸೇರಿ ಹೀಲಿಯಂ ಆಗುತ್ತವೆ. ಆಗ ಹೊರಡುವ ಶಕ್ತಿಯೇ ಬೆಳಕು. ನಮ್ಮ ಸೂರ್ಯನಿಗೆ ಸುಮಾರು 460 ಕೋಟಿ ವರ್ಷ. ಇನ್ನೂ ಸುಮಾರು 500 ಕೋಟಿ ವರ್ಷ ಉರಿಯುತ್ತಾನೆ. ಆರಿದ್ರಾಕ್ಕೆ ಸುಮಾರು 1 ಕೋಟಿ ವರ್ಷ ಮಾತ್ರ. ಆದರೂ ಅದೇ ಮುದುಕ! ಯಾಕೆಂದರೆ ಅದರಲ್ಲಿ ಸೂರ್ಯನ ಹತ್ತು ಪಟ್ಟಿಗೂ ಹೆಚ್ಚು ದ್ರವ್ಯವಿದೆ. ದೊಡ್ಡ ಬೆಂಕಿಗೆ ಸೌದೆ ಬೇಗ ಮುಗಿಯುವ ಹಾಗೆ ಇದರ ಇಂಧನವೂ ಬೇಗ ಮುಗಿಯುತ್ತದೆ.

ಸೂರ್ಯನಂಥ ನಕ್ಷತ್ರ ಕೊನೆಗೆ ಉಬ್ಬಿ ಕೆಂಪು ದೈತ್ಯನಾಗಿ, ಆಮೇಲೆ ಪುಟ್ಟ ಶ್ವೇತಕುಬ್ಜವಾಗಿ, ನಿಧಾನಕ್ಕೆ ತಣ್ಣಗಾಗುತ್ತದೆ. ಆರಿದ್ರಾದಂಥದ್ದು ಸೂಪರ್‌ನೋವಾ ಆಗಿ ಸಿಡಿಯುತ್ತದೆ. 1054ರಲ್ಲಿ ಹೀಗೆ ಸಿಡಿದ ಒಂದು ನಕ್ಷತ್ರ ಹಗಲಲ್ಲೂ ಕಂಡಿತೆಂದು ಚೀನದವರು ಬರೆದಿಟ್ಟಿದ್ದಾರೆ. 2019ರ ಕೊನೆಯಲ್ಲಿ ಆರಿದ್ರಾ ಮಂಕಾದಾಗ ಕಾಲ ಬಂತೇನೋ ಎಂದು ಕೆಲವರು ಅಂದುಕೊಂಡರು. ಅದೇ ಉಗುಳಿದ ಅನಿಲ ಧೂಳಾಗಿ ಅಡ್ಡ ಬಂದಿತ್ತು, ಅಷ್ಟೆ. 2020ರಲ್ಲಿ ಮತ್ತೆ ಬೆಳಗಿತು. ಸಿಡಿಯಲು ಇನ್ನೂ ಸಾವಿರಾರು ವರ್ಷ ಬೇಕಾಗಬಹುದು.

ಈಗ ಅಜ್ಜಿಯ ಪ್ರಶ್ನೆ. ಮಳೆ ತರುವುದು ಬಿಸಿಲು, ಸಮುದ್ರದ ನೀರು, ಮುಂಗಾರು ಗಾಳಿ. ನಕ್ಷತ್ರ ಅಲ್ಲ. ಜೂನ್ 22ರ ಸುಮಾರಿಗೆ ಸೂರ್ಯ ಆರಿದ್ರಾ ಇರುವ ದಿಕ್ಕಿಗೆ ಬರುತ್ತಾನೆ. ಆ ದಿನಗಳ ಮಳೆಗೆ ಹಿರಿಯರು ಆ ಹೆಸರಿಟ್ಟರು. ಅದು ಅವರ ಕ್ಯಾಲೆಂಡರು. ನಕ್ಷತ್ರ ಹೋದರೂ ಮಳೆ ಬರುತ್ತದೆ. ಇದನ್ನು ಹೇಳಿದಾಗ ಅಜ್ಜಿ, "ಸದ್ಯ, ಬಿತ್ನೆಗೇನೂ ತೊಂದ್ರೆ ಇಲ್ಲ" ಅಂದಳು.

ನಕ್ಷತ್ರದ ಸಾವು ವ್ಯರ್ಥವೂ ಅಲ್ಲ. ನಮ್ಮ ನೇಗಿಲಿನ ಗುಳದ ಕಬ್ಬಿಣ, ನಮ್ಮ ರಕ್ತದ ಕಬ್ಬಿಣ ಹಿಂದೆ ಸಿಡಿದ ನಕ್ಷತ್ರಗಳಿಂದಲೇ ಬಂದದ್ದು.

ಯೋಚಿಸಿ: ಆರಿದ್ರಾ ಮಳೆಯ ದಿನಗಳಲ್ಲಿ ಮೋಡ ಇಲ್ಲದಿದ್ದರೂ ರಾತ್ರಿ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ಯಾಕೆ? ಉತ್ತರ ಈ ಲೇಖನದಲ್ಲೇ ಇದೆ!