ಬೀಜ ಒಣಗುವ ಮೊದಲು

ತಂಗೀ, ತಮ್ಮಾ,

ಓದು ಮುಗಿಸಿ ಕಾಡಿನ ಸಂಶೋಧನೆಗೆ ಹೊರಟಿದ್ದೀರಿ, ಬಹಳ ಸಂತೋಷ. ಹೊರಡುವ ಮೊದಲು ಒಮ್ಮೆ ಸಿದ್ದಾಪುರ ಸೀಮೆಯ ಕತ್ತಲೆಕಾನಿಗೆ ಹೋಗಿ ಬನ್ನಿ. ಅಲ್ಲಿಯ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳು ನಿಂತ ಜೌಗು ನೆಲದಲ್ಲಿ, ಅರ್ಧ ದಿನ ಸುಮ್ಮನೆ ನಿಲ್ಲಿ. ಉಂಬಳ ಹತ್ತುತ್ತದೆ, ಹತ್ತಲಿ. ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದ ಬೇರುಗಳನ್ನು ನೋಡಿ. ನೀರು ನಿಂತ ಮಣ್ಣಿನಲ್ಲಿ ಗಾಳಿ ಸಾಲದು. ಉಸಿರಿಗಾಗಿ ಮರ ಬೇರನ್ನೇ ಹೊರಗೆ ಚಾಚಿದೆ.

ಅಲ್ಲಿ ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವಿದೆ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ವಿಜ್ಞಾನ ಅದಕ್ಕೆ ಹೆಸರಿಟ್ಟಿದ್ದು 2000ದ ಸುಮಾರಿಗೆ. ಊರವರ ಬಾಯಲ್ಲಿ ಅದು ಹೊಳೆಗೇರು. ಅಷ್ಟು ಪುಟ್ಟ ಹೆಸರಿನಲ್ಲಿ ಅದರ ಕುಲವೂ ಇದೆ, ಅದು ಬಾಳುವ ಜಾಗವೂ ಇದೆ. ಯಾವ ಗಿಡ ಕಂಡರೂ ಮೊದಲು ಊರಿನ ಹೆಸರು ಕೇಳಿ ಬರೆದುಕೊಳ್ಳಿ. ಹೇಳಿದವರು ಯಾರು, ಯಾವ ಕೇರಿಯವರು ಎಂಬುದನ್ನೂ ಬರೆಯಿರಿ.

ಹೊಳೆಗೇರು ಕೆಲವೇ ಜಡ್ಡಿಗಳಲ್ಲಿ ಉಳಿದಿದೆ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹತ್ತು ಮರ ಎಣಿಸಿ ಬಂದರೆ ನಿಮಗೆ ತಿಳಿದದ್ದು ಬಹಳ ಕಡಿಮೆ. ಹೂ ಬಿಡುವ ಕಾಲಕ್ಕೆ ಮತ್ತೆ ಹೋಗಿ ಹೆಣ್ಣೆಷ್ಟು, ಗಂಡೆಷ್ಟು ಎಂದು ನೋಡಿದಾಗಲೇ ಆ ಕಾಡಿಗೆ ಮುಂದಿನ ಪೀಳಿಗೆ ಇದೆಯೋ ಇಲ್ಲವೋ ಗೊತ್ತಾಗುವುದು. ಶಿರಸಿಯ ಅರಣ್ಯ ಕಾಲೇಜಿನವರು ಇಂಥ ಮರಗಳ ಸಸಿ ಮಾಡಿ ಜಡ್ಡಿಗೇ ಮರಳಿಸುವ ಕೆಲಸ ಮಾಡಿದ್ದಾರೆ. ನನಗೆ ಸಂಶೋಧನೆ ಎಂದರೆ ಅದು.

ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಹಿಂದೆ ಒಮ್ಮೆ ಜಡ್ಡಿಯಲ್ಲಿ ಬಿದ್ದಿದ್ದ ರಾಮಪತ್ರೆಯ ಬೀಜ ಆರಿಸಿ ತಂದೆ. ಭತ್ತದ ಬೀಜದ ಹಾಗೆ ಜೋಪಾನ ಮಾಡಬೇಕೆಂದು ಜಗಲಿಯಲ್ಲಿ ಹರವಿ ಒಣಗಿಸಿದೆ. ಒಂದೂ ಮೊಳೆಯಲಿಲ್ಲ. ಈ ಬೀಜಗಳಿಗೆ ಒಣಗುವುದೆಂದರೆ ಸಾಯುವುದು. ನೆಲಕ್ಕೆ ಬಿದ್ದ ಕೂಡಲೇ ಒದ್ದೆ ಮಣ್ಣು ಬೇಕು. ಬೀಜಕ್ಕೆ ಸುತ್ತಿದ ಕೆಂಪು ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿ ಅದನ್ನು ನುಂಗಿ, ಬೀಜವನ್ನು ದೂರ ಒಯ್ದು ಉಗುಳುತ್ತದೆ. ಮಂಗಟ್ಟೆ ಬಾರದ ಜಡ್ಡಿಯಲ್ಲಿ ಬೀಜ ತಾಯಿಮರದ ಬುಡದಲ್ಲೇ ಉಳಿಯುತ್ತದೆ. ಜಡ್ಡಿಯ ನೀರನ್ನು ತಿರುಗಿಸಿದರಂತೂ ಬೀಜ, ಮರ ಎರಡೂ ಇಲ್ಲ. ಎಷ್ಟೋ ಜಡ್ಡಿಗಳು ಗದ್ದೆಯಾಗಿ, ಅಡಿಕೆ ತೋಟವಾಗಿ ಹೋದದ್ದು ಹೀಗೆಯೇ. ಆದರೆ ತೋಟದವರನ್ನು ವೈರಿಗಳ ಹಾಗೆ ಕಾಣಬೇಡಿ. ಬೇಸಿಗೆಯಲ್ಲಿ ಅವರ ತೋಟಕ್ಕೆ ಇಳಿಯುವ ನೀರು ಇದೇ ಜಡ್ಡಿಯದು ಎಂದು ಕೈಹಿಡಿದು ಕರೆದೊಯ್ದು ತೋರಿಸಿ. ನಿಮ್ಮ ಲೆಕ್ಕ ಮೊದಲು ತಲುಪಬೇಕಾದದ್ದು ಅವರಿಗೆ.

ರಾತ್ರಿಯೂ ಹೋಗಿ. ಇದೇ ಕತ್ತಲೆಕಾನಿನ ತೊರೆಯಲ್ಲಿ ಗಂಡು ಕಪ್ಪೆಯೊಂದು ಮುಂಗೈಯಲ್ಲಿ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದನ್ನು ಹೊಸ ಜಾತಿ ಎಂದು ಗುರುತಿಸಿ ಕುಂಬಾರ ಎಂಬ ಕನ್ನಡದ ಹೆಸರನ್ನೇ ಕೊಟ್ಟರು, 2014ರಲ್ಲಿ. ಮಳೆಯಲ್ಲಿ, ತೊರೆಯ ಪಕ್ಕ, ರಾತ್ರಿ ಕಾದು ಕೂತವರಿಗೆ ಮಾತ್ರ ಕಾಣುವ ನೋಟ ಅದು.

ಯೋಜನೆಯ ಹಣ ಮೂರು ವರ್ಷಕ್ಕೆ ಮುಗಿಯಬಹುದು. ಕಾಡಿನ ಲೆಕ್ಕ ಅಷ್ಟರಲ್ಲಿ ಮುಗಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೈ ಕಾಡಿನ 50 ಹೆಕ್ಟೇರ್ ಗುರುತು ಮಾಡಿ, 1 ಸೆಂ.ಮೀ. ದಪ್ಪ ದಾಟಿದ ಪ್ರತಿ ಗಿಡಕ್ಕೂ ನಂಬರು ಕೊಟ್ಟರು. ಸತ್ತದ್ದೆಷ್ಟು, ಹೊಸದಾಗಿ ಎದ್ದದ್ದೆಷ್ಟು ಎಂದು ಮತ್ತೆ ಮತ್ತೆ ಹೋಗಿ ನೋಡಿದರು. ಬೆಂಕಿ, ಬರ, ಆನೆ ಇವೆಲ್ಲ ಕಾಡನ್ನು ಹೇಗೆ ಬದಲಿಸುತ್ತವೆ ಎಂದು ತಿಳಿದದ್ದು ಆ ತಾಳ್ಮೆಯಿಂದ. ನಿಮಗೆ 50 ಹೆಕ್ಟೇರ್ ಬೇಡ. ಒಂದು ಜಡ್ಡಿ ಆರಿಸಿಕೊಳ್ಳಿ, ಪ್ರತಿ ವರ್ಷ ಅದಕ್ಕೇ ಹೋಗಿ. ಏನೂ ಕಾಣದ ದಿನವನ್ನೂ ತಾರೀಖು ಹಾಕಿ ಬರೆದಿಡಿ.

ಪ್ರಬಂಧ ಮುಗಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಕಂಡದ್ದನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು, ಆ ಜಡ್ಡಿಯ ಪಕ್ಕದ ಊರಿನ ಶಾಲೆಗೆ ನೀವೇ ಹೋಗಿ ಕೊಟ್ಟು ಬನ್ನಿ.